ಚಾಲು ಅಂದರೆ...

"ಇದನ್ನ ಅಂದಕ್ಕೆ ಹಾಕ್ಸಿದ್ದೀರೋ, ಕೆಲಸಕ್ಕೋ?"

ಕಾರಿನ ಮೂತಿಯ ಮುಂದೆ ಮಂಡಿಯೂರಿ ಕೂತಿದ್ದ ಗೌತಮಿ ತಲೆಯೆತ್ತದೆ ಕೇಳಿದಳು.

ಚಿಕ್ಕಬಳ್ಳಾಪುರದಿಂದ ಜಂಗಮಕೋಟೆಯ ಅವಳ ವರ್ಕ್‌ಶಾಪಿಗೆ ಬಂಪರ್ ರಿಪೇರಿಗೆ ಬಂದಿದ್ದ ಮುನೇಶನ ಮುಖ ಕೆಂಪಾಯಿತು. "ರೇಸ್ ಕಾರು ಕಣ್ರೀ. ಸ್ಪ್ಲಿಟರ್ ಅಂತಾರೆ ಇದಕ್ಕೆ."

"ಹೆಸರು ಗೊತ್ತು. ಬಂಪರ್ ಕೆಳಗೆ ಈ ಹಲಗೆ ಮಟ್ಟವಾಗಿದ್ರೆ ಅಡಿಯಲ್ಲಿ ಗಾಳಿ ಜೋರಾಗಿ ಓಡಿ ಮುಂದಿನ ಚಕ್ರಾನ ನೆಲಕ್ಕೆ ಒತ್ತುತ್ತೆ. ನಿಮ್ಮದು ಮೇಲಕ್ಕೆ ಎದ್ದಿದೆ. ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ್ರೂ ಕಾರು ನೆಟ್ಟಗೇ ಹೋಗುತ್ತೆ, ಅಲ್ವಾ?"

ಅವನೂ ಬಗ್ಗಿ ಹಲಗೆ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಇದನ್ನ ಯಾರಿಗೂ ಹೇಳಿಲ್ಲ. ನಿಮಗೆ ಹೆಂಗ್ ಗೊತ್ತಾಯ್ತು?"

ಆಗ ಅವಳು ಮೊದಲ ಸಲ ಅವನ ಕಣ್ಣು ನೋಡಿದಳು. ತಪ್ಪು ತೋರಿಸಿದರೆ ಜಗಳಕ್ಕೆ ಬರುವ ಗಂಡಸರನ್ನೇ ಕಂಡಿದ್ದವಳು. ಇವನು ಕೇಳುತ್ತಿದ್ದಾನೆ...

ಆ ವರ್ಕ್‌ಶಾಪ್ ಮೊದಲು ರೇಷ್ಮೆ ಹುಳು ಸಾಕುವ ಮನೆ. ಫೈಬರ್ ಕೆಲಸದ ವಾಸನೆಗೆ ಹುಳು ಉಳಿಯುವುದಿಲ್ಲ. ಡಿಪ್ಲೊಮಾ ಮುಗಿಸಿದ ಮಗಳಿಗೆ ತಾಯಿ ಕದಿರಮ್ಮ ಅದನ್ನೇ ಬಿಟ್ಟುಕೊಟ್ಟು, ತೋಟದ ಆಚೆ ತುದಿಯಲ್ಲಿ ಬೇರೆ ಶೆಡ್ ಹಾಕಿಸಿಕೊಂಡಿದ್ದಳು. ಗೌತಮಿ ಈವರೆಗೆ ಒಡೆದ ಬಂಪರ್‌ಗಳಿಗೆ ತೇಪೆ ಹಾಕಿದ್ದಳೇ ಹೊರತು, ತಾನೇ ಲೆಕ್ಕ ಹಾಕಿ ಮಾಡಿದ್ದು ಒಂದೂ ರೇಸಿಗೆ ಹೋಗಿರಲಿಲ್ಲ.

ಇದೇ ಮೊದಲನೆಯದು. ಎರಡು ವಾರ ಇಬ್ಬರೂ ಸೇರಿ ಅಳೆದರು, ಕೊಯ್ದರು, ಜಗಳವಾಡಿದರು. ಮೊದಲು ಪ್ಲೈವುಡ್‌ನಲ್ಲಿ ಮಾಡಿ ನೋಡುವುದು, ಸರಿಯಾದರೆ ಫೈಬರ್‌ನಲ್ಲಿ. ಮುನೇಶ್ ಪ್ಲೈವುಡ್ಡಿನದನ್ನು ಕಾರಿಗೆ ಕಟ್ಟಿಕೊಂಡು ಚೆನ್ನೈ ಕಡೆಯ ಟ್ರ್ಯಾಕ್‌ಗೆ ಅಭ್ಯಾಸಕ್ಕೆ ಹೋದ.

"ಹೆಂಗಿತ್ತು? ಮುಂದೇನು?" ಎಂದು ಗೌತಮಿ ಮೆಸೇಜ್ ಹಾಕಿದಳು.

ಬಂದದ್ದು ಒಂದೇ ಮಾತು. "ಚಾಲು."

ಅವಳ ಮನೆಮಾತು ತೆಲುಗು. ಚಾಲು ಎಂದರೆ ಸಾಕು.

'ಸಾಕಂತೆ. ಕೆಲಸವೂ ಸಾಕು, ನಾನೂ ಸಾಕು...'

ಅವಳು ಫೈಬರ್‌ದಕ್ಕೆ ಮಾಡಿಟ್ಟಿದ್ದ ಅಚ್ಚನ್ನು ಗೋಡೆಗೆ ಒರಗಿಸಿ, ಮೇಲೆ ಗೋಣಿ ಹೊದಿಸಿಬಿಟ್ಟಳು. ಅವನ ಫೋನ್ ಬಂದರೂ ತೆಗೆಯಲಿಲ್ಲ.

ಐದನೇ ದಿನ ಮುನೇಶನೇ ಬಂದು ನಿಂತ. "ರೇಸಿಗೆ ನಾಲ್ಕು ದಿನ ಇದೆ. ಫೈಬರ್‌ದು ಎಲ್ಲಿ?"

"ನೀವೇ ಸಾಕು ಅಂದ್ರಲ್ಲ."

"ನಾನಾ? ಫೈಬರ್‌ದು ಚಾಲು ಮಾಡಿ, ಶುರು ಮಾಡಿ ಅಂತ ಹಾಕಿದ್ದೆ!"

ಬಾಗಿಲಲ್ಲಿ ಸೊಪ್ಪಿನ ಹೊರೆ ಹೊತ್ತು ನಿಂತಿದ್ದ ಕದಿರಮ್ಮನಿಗೆ ನಗು ತಡೆಯಲಾಗಲಿಲ್ಲ. "ಏಮೇ ಗೌತಮಿ, ಆ ಹುಡುಗನ ಮನೇಲಿ ಕನ್ನಡ ಆಡ್ತಾರಲ್ಲೇ! ಇದಕ್ಕಾ ಐದು ದಿನ ಅನ್ನ ಬಿಟ್ಟಿದ್ದು?"

"ಅಮ್ಮಾ... ಸುಮ್ಮನಿರು."

"ಅನ್ನ ಬಿಟ್ಟಿದ್ರಾ?" ಮುನೇಶನ ದನಿ ಇಳಿದಿತ್ತು.

"ಮಾತು ಆಮೇಲೆ. ಆ ಫೈಬರ್ ಮ್ಯಾಟ್ ಕತ್ತರಿಸಿ ಕೊಡಿ," ಎಂದು ಅವಳು ಗೋಣಿ ಕಿತ್ತೆಸೆದಳು. ಕಿವಿ ಕೆಂಪಾಗಿದ್ದವು.

ಮೂರು ದಿನ ಹಗಲೆಲ್ಲ ಕೆಲಸ. ಮೂರನೆಯ ಸಂಜೆ ಕಾರಿನ ಮುಂದೆ ಕಪ್ಪನೆಯ, ಮಟ್ಟವಾದ ಸ್ಪ್ಲಿಟರ್ ಕೂತಿತ್ತು. ಅವಳು ಅದರ ಮೇಲೆ ಎರಡೂ ಕಾಲಿಟ್ಟು ನಿಂತಳು. ಅಲುಗಲಿಲ್ಲ.

ರೇಸಿನ ದಿನ ಗೌತಮಿ ಬೇಲಿ ಹಿಡಿದು ನಿಂತಿದ್ದಳು. ಎದುರಿನ ಉದ್ದನೆಯ ಬಲ ತಿರುವಿಗೆ ಕಾರುಗಳು ಬಂದವು. ಮುಂದಿದ್ದ ಹಲವರು ಹೊರಕ್ಕೆ ಜಾರಿದರು. ಮುನೇಶನ ಕಾರು ಮಾತ್ರ ತಿರುವಿನ ಒಳ ಅಂಚು ಹಿಡಿದು, ನೆಲ ಬಿಡದೆ ತಿರುಗಿತು.

"ನಂದು ಅದು," ಎಂದಳು, ಪಕ್ಕದಲ್ಲಿದ್ದ ಅಪರಿಚಿತರಿಗೆ. "ನಾನು ಮಾಡಿದ್ದು."

ಅವನಿಗೆ ಸಿಕ್ಕಿದ್ದು ಎರಡನೇ ಸ್ಥಾನ. ಹೆಲ್ಮೆಟ್ ತೆಗೆದವನು ಬಹುಮಾನದ ಕಡೆ ಹೋಗದೆ, ನೇರವಾಗಿ ಬೇಲಿಯತ್ತ ಬಂದ.

"ಎಲ್ಲರೂ ಸ್ಪ್ಲಿಟರ್ ಯಾರು ಮಾಡಿದ್ದು ಅಂತ ಕೇಳ್ತಿದಾರೆ. ಜಂಗಮಕೋಟೆ ಗೌತಮಿ ಅಂದೆ. ಅವರು ನಿಮಗೇನಾಗಬೇಕು ಅಂತ ಕೇಳಿದ್ರು. ನಿಮ್ಮನ್ನೇ ಕೇಳಿ ಹೇಳ್ತೀನಿ ಅಂದೆ."

ಅವನು ಬೇಲಿಗೆ ಇನ್ನೂ ಹತ್ತಿರ ಬಂದ.

"ಈ ಸಲ ಒಂದೇ ಮಾತಲ್ಲಿ ಹೇಳಲ್ಲ. ನೀನಂದ್ರೆ ನನಗೆ ಪ್ರಾಣ ಗೌತಮಿ. ಸೋಮವಾರ ನಮ್ಮಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಬೇಕು ಅಂತಿದೀನಿ. ಬರ್ಲಾ?"

"ಹನ್ನೊಂದರ ಮೇಲೆ ಬಾ. ಅಷ್ಟೊತ್ತಿಗೆ ಅಮ್ಮ ಹುಳಕ್ಕೆ ಸೊಪ್ಪು ಹಾಕಿ ಮುಗಿಸಿರ್ತಾಳೆ."

"ಹನ್ನೊಂದರವರೆಗೂ ಕಾಯಬೇಕಾ?"

ಗೌತಮಿ ಅವನ ಹಣೆಯ ಬೆವರನ್ನು ತನ್ನ ಸೆರಗಿನಲ್ಲಿ ಒರೆಸಿದಳು.

"ಅವಸರ ಇದ್ರೆ ಎಂಟಕ್ಕೇ ಬಾ. ನೀನೂ ಸೊಪ್ಪು ಹಾಕುವಂತೆ."