ಮೊದಲ ರೊಟ್ಟಿ

"ಅತ್ತಿ, ಈ ಕುಬುಸ ನನಗ ಬ್ಯಾಡ್ರಿ... ನಾ ಬಸುರಿಲ್ಲ."

ಮಣೆಯ ಮೇಲೆ ಕೂತ ಅಂಜನಾ ಇಷ್ಟು ಹೇಳುವುದಕ್ಕೂ ಅತ್ತೆ ಮುದುಕಮ್ಮನ ಕೈಯಲ್ಲಿದ್ದ ಆರತಿ ತಟ್ಟೆ ಓರೆಯಾಗುವುದಕ್ಕೂ ಸರಿಹೋಯಿತು. ಸುರಪುರದ ರಂಗಂಪೇಟೆಯ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಓಣಿಯ ಐವರು ಮುತ್ತೈದೆಯರು ಕೂತಿದ್ದರು. ಹಸಿರು ಸೀರೆ, ಹಸಿರು ಬಳೆ, ಶೇಂಗಾ ಹೋಳಿಗೆ, ಕರಿಗಡಬು... ಐದನೆಯ ತಿಂಗಳಲ್ಲಿ ಗುಟ್ಟಾಗಿ ಮಾಡುವ ಕಳ್ಳಕುಬುಸಕ್ಕೆ ಏನೇನು ಬೇಕೋ ಎಲ್ಲವೂ ಇತ್ತು. ಇಲ್ಲದ್ದು ಬಸಿರೊಂದೇ. ಪಕ್ಕದ ಮನೆಯ ತಿಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದ್ದು ನಗುವನ್ನೋ ಮರುಕವನ್ನೋ ಆಕೆಗೇ ಗೊತ್ತು.

"ಬಸುರಿಲ್ಲ ಅಂದ್ರ? ಐದು ತಿಂಗಳಾತು, ನೀ ಮೂಲ್ಯಾಗ ಕೂತಿಲ್ಲ. ನಾ ಏನು ಕುರುಡಿ?"

"ಖರೆ ಅದ್ರಿ. ಮುಟ್ಟು ಬಂದಿಲ್ಲ. ಆದ್ರ ಇದು ಬಸುರಲ್ರಿ. ಎರಡು ಸಲ ಪರೀಕ್ಷಾ ಮಾಡಿ ನೋಡೀನಿ."

ಆ ಮನೆಯಲ್ಲಿ ಮುಟ್ಟಾದ ಹೆಣ್ಣು ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಕೂಡಬೇಕು, ಯಾರನ್ನೂ ಮುಟ್ಟಬಾರದು. ಆ ಚಾಪೆ ಐದು ತಿಂಗಳಿಂದ ಬಿಚ್ಚಿರಲಿಲ್ಲ. ಮುದುಕಮ್ಮ ಸೊಸೆಯನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆದರೆ ಸುತ್ತಿಟ್ಟ ಚಾಪೆಯನ್ನೇ ನೋಡಿ ಮೊಮ್ಮಗನ ಲೆಕ್ಕ ಹಾಕಿಬಿಟ್ಟಳು. ಎರಡು ವಾರದಿಂದ ಸೊಸೆಗೆ ಹಾಲು, ತುಪ್ಪ, ಉತ್ತತ್ತಿ! ಅತ್ತೆ ಒಳ್ಳೆಯವಳಾದಳೆಂದು ಅಂಜನಾ ಒಳಗೊಳಗೇ ಕಣ್ಣೀರು ಹಾಕಿದ್ದಳು ಪಾಪ. ಮುದುಕಮ್ಮ ಕೆಟ್ಟವಳಲ್ಲ ಎನ್ನುವವರು ಓಣಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಯಾರೂ ಆಕೆಯ ಸೊಸೆಯಾಗಿ ಬಾಳಿದವರಲ್ಲ.

ಅಂಜನಾ ಮಣೆಯಿಂದ ಏಳಲು ಹೋದಳು. ಎಡಗಾಲು ಊರಿದ್ದೇ ತಡ, ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದಳು. ತಿಂಗಳಿಂದ ಮುಚ್ಚಿಟ್ಟ ಮೊಣಕಾಲ ಕೆಳಗಿನ ನೋವು ಅವತ್ತು ಐವರು ಮುತ್ತೈದೆಯರ ಮುಂದೆ ಬಯಲಾಯಿತು.

ಅಂಜನಾ ಐದು ಸಾವಿರ ಮೀಟರ್ ಓಟಗಾರ್ತಿ. ಕಲಬುರಗಿ ವಿಭಾಗದಲ್ಲಿ ಮೊದಲು ಬಂದವಳು. ಎರಡು ತಿಂಗಳಲ್ಲಿ ರಾಜ್ಯಮಟ್ಟದ ಕೂಟವಿತ್ತು. "ಓಡ್ಲಿ, ಆದ್ರ ಮನಿಗೆಲಸ ನಿಲ್ಲಬಾರ್ದು" ಎಂಬ ಕರಾರಿನ ಮೇಲೆ ಮುದುಕಮ್ಮ ಒಪ್ಪಿಕೊಂಡಿದ್ದಳು. ಬೆಳಗಿನ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಹತ್ತು ಕಿಲೋಮೀಟರ್ ಓಟ, ಬಂದ ಮೇಲೆ ಕಸ, ನೀರು, ಇಪ್ಪತ್ತು ಜೋಳದ ರೊಟ್ಟಿ. ಮೊದಲ ಬಿಸಿ ರೊಟ್ಟಿ ಮಾವ ದ್ಯಾವಪ್ಪನಿಗೆ, ಆಮೇಲೆ ಗಂಡ ಶಾಂತಕುಮಾರನಿಗೆ, ಆಮೇಲೆ ಅತ್ತೆಗೆ. ಎಲ್ಲರದೂ ಆದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದು ಸೊಸೆಗೆ. ಅಷ್ಟು ಹೊತ್ತಿಗೆ ಹನ್ನೊಂದು ಬಡಿದಿರುತ್ತಿತ್ತು.

ಯಾದಗಿರಿಯ ದವಾಖಾನೆಯಲ್ಲಿ ಡಾಕ್ಟರ್ ಫರ್ಹೀನ್ ಸ್ಕ್ಯಾನ್ ನೋಡಿದರು, ರಕ್ತದ ವರದಿ ನೋಡಿದರು, ಕೊನೆಗೆ ಅತ್ತೆಯನ್ನು ನೋಡಿದರು.

"ಇವರು ದಿನಾ ಏನು ಉಣ್ತಾರ್ರೀ ಅಮ್ಮಾ?"

"ಮನಿ ಮಂದಿ ಉಣ್ಣೋದೇ ಉಣ್ತಾಳ್ರಿ. ಎಲ್ಲಾರದೂ ಆದ ಮ್ಯಾಲ. ನಾನೂ ಹಂಗೇ ಉಂಡು ಬಂದಾಕಿ."

"ನೀವು ಹತ್ತು ಕಿಲೋಮೀಟರ್ ಓಡ್ತಿದ್ರೇನ್ರಿ?"

ಮುದುಕಮ್ಮ ಸೊಸೆಯ ಕಾಲಿನ ಕಡೆ ನೋಡಿದಳು. ಡಾಕ್ಟರ್ ಮುಂದುವರಿಸಿದರು.

"ಹೊಟ್ಟಿಗೆ ಸಾಲದಿದ್ರ ದೇಹ ಒಂದೊಂದೇ ಕೆಲಸ ನಿಲ್ಲಿಸ್ತದ. ಮೊದ್ಲು ಮುಟ್ಟು ನಿಲ್ಲಿಸ್ತದ, ಆಮೇಲ ಎಲುಬು ಗಟ್ಟಿ ಮಾಡೋದು ಬಿಡ್ತದ. ಕಾಲಿನ ಎಲುಬು ಸೀಳ್ಯಾದ. ನಾಕು ತಿಂಗಳು ಓಡಂಗಿಲ್ಲ. ಹೊಟ್ಟಿ ತುಂಬ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಹಿಂಗೇ ನಡೀತಂದ್ರ ಇನ್ನ ಮುಂದ ಓಡೋದೇ ಮರ್ತುಬಿಡ್ರಿ."

ಅಂಜನಾಳ ಕಣ್ಣಿನಿಂದ ದಳದಳ ನೀರು ಇಳಿಯಿತು. "ತಪ್ಪು ಅತ್ತೀದಷ್ಟೇ ಅಲ್ರಿ ಡಾಕ್ಟರಮ್ಮ... ಹಗೂರಾದ್ರ ಜೋರ್ ಓಡ್ತೀನಂತ ನಾನೇ ಬುಟ್ಟ್ಯಾಗ ಉಳಿದ ರೊಟ್ಟೀನೂ ಎಮ್ಮಿಗೆ ಹಾಕ್ತಿದ್ದೆ. ಮೊದಮೊದ್ಲು ಜೋರ್ ಓಡಿದ್ನಿ. ಅದನ್ನೇ ಖರೆ ಅಂದ್ಕೊಂಡೆ."

ಬಸ್ಸಿನಲ್ಲಿ ಮುದುಕಮ್ಮ ಸುರಪುರ ಬರುವ ತನಕ ಕಿಟಕಿ ಕಡೆ ತಿರುಗಿಯೇ ಕೂತಳು. ಮನೆಗೆ ಬಂದವಳೇ ಹಸಿರು ಸೀರೆಯನ್ನು ಟ್ರಂಕಿಗೆ ಹಾಕಿದಳು, ಹಾಲಿನ ಪಾತ್ರೆಯನ್ನು ಮೇಲಿನ ಗೂಡಿಗೆ ಏರಿಸಿದಳು. ಅದು ಮೊಮ್ಮಗನ ಹಾಲು. ಮೊಮ್ಮಗನೇ ಇಲ್ಲದ ಮೇಲೆ ಸೊಸೆಗೇಕೆ? ಅಂಜನಾ ಬಾಗಿಲಲ್ಲಿ ನಿಂತು ನೋಡಿದಳು. ಎಲುಬು ಸೀಳಿದಾಗ ಆಗದಷ್ಟು ನೋವು ಆ ಪಾತ್ರೆ ಮೇಲೇರಿದಾಗ ಆಯಿತು. ಈ ಮನೆಯಲ್ಲಿ ನನ್ನ ಹೊಟ್ಟೆ ನನ್ನದಾಗುವುದು ಯಾವಾಗ... ಎಂದು ಆಕೆ ಕೇಳಿಕೊಂಡದ್ದು ದೇವರನ್ನಲ್ಲ, ತನ್ನನ್ನೇ.

ಮರುದಿನ ಬೆಳಿಗ್ಗೆ ಅಂಜನಾ ಒಲೆಯ ಮುಂದೆ ಕೂತು ಹಿಟ್ಟು ನಾದಿದಳು, ರೊಟ್ಟಿ ಬಡಿದಳು. ಮೊದಲ ರೊಟ್ಟಿ ಉಬ್ಬಿತು. ಒಳಗೆ ದ್ಯಾವಪ್ಪ ತಾಟು ಮುಂದಿಟ್ಟುಕೊಂಡು ಕಾಯುತ್ತಿದ್ದ. ಅಂಜನಾ ಆ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು. ಶೇಂಗಾ ಚಟ್ನಿ, ಮೊಸರು, ಬೇಳೆ ಬಡಿಸಿಕೊಂಡು ಅಲ್ಲೇ ಉಣ್ಣತೊಡಗಿದಳು.

"ಏನಿದು? ಗಂಡಸ್ರು ಇನ್ನಾ ಉಂಡಿಲ್ಲ," ಎಂದಳು ಮುದುಕಮ್ಮ.

"ಹೌದ್ರಿ ಅತ್ತಿ. ಅವರ ಎಲುಬು ಗಟ್ಟಿ ಅದಾವ, ಜರಾ ಕಾಯ್ತಾರ. ನಂದು ಸೀಳ್ಯಾದ."

"ಓಣ್ಯಾಗ ಯಾರ್ಯಾರು ಏನೇನಂತಾರ, ಗೊತ್ತದೇನು?"

"ಅನ್ಲಿ ಬಿಡ್ರಿ. ನನ್ನ ಕಾಲು ಕಟ್ಟಿಕೊಡಾಕ ಓಣಿಯವರು ಬರಂಗಿಲ್ಲ. ನಿಮಗ ಎದುರಾಡಬೇಕಂತಲ್ರಿ. ಇದು ನನಗ ಔಷಧ. ದಿನಾ ಇಷ್ಟೇ ಹೊತ್ತಿಗೆ ಉಣ್ತೀನಿ."

ಶಾಂತಕುಮಾರ ಒಮ್ಮೆ ತಾಯಿಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿ ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ. ತಾಲ್ಲೂಕು ಕಚೇರಿಯ ಗುಮಾಸ್ತ, ಯಾವ ಕಡತದ ಮೇಲೂ ಅಭಿಪ್ರಾಯ ಬರೆದವನಲ್ಲ. ಮಾತಾಡಿದವನು ದ್ಯಾವಪ್ಪ. "ಎರಡನೇದು ನನಗ ಹಾಕವ್ವ. ಅದೂ ಬಿಸೀನೇ ಇರ್ತದ," ಎಂದ.

ಮುದುಕಮ್ಮ ಅವತ್ತಿನಿಂದ ಸೊಸೆಯೊಂದಿಗೆ ಮಾತು ಬಿಟ್ಟಳು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ತಿಂಗಳು! ಅಂಜನಾಳಿಗೆ ಉಣ್ಣುವುದೇನು ಸುಲಭದ ಮಾತೇ? ಒಣಗಿದ ಹೊಟ್ಟೆಗೆ ಎರಡು ರೊಟ್ಟಿಯೇ ಭಾರ. ತೂಕ ಏರಿದಂತೆ ಓಟದ ವೇಗ ಇಳಿದುಹೋಗುವ ಭಯ. ಎಷ್ಟೋ ಸಲ ಕಣ್ಣೊರೆಸಿಕೊಂಡು ತುತ್ತು ನುಂಗಿದಳು. ರಾಜ್ಯ ಕೂಟದ ದಿನ ಗೆಳತಿ ಸಂಘಮಿತ್ರಾ ಫೋನು ಮಾಡಿ, ಅಂಜನಾ ಯಾವತ್ತೂ ಸೋಲಿಸುತ್ತಿದ್ದ ಹುಡುಗಿಯೇ ಗೆದ್ದಳೆಂದು ಹೇಳಿದಳು. ಅಂಜನಾ ಫೋನಿಟ್ಟು ಹಿತ್ತಲಲ್ಲಿ ಕೂತು ಮನಸಾರೆ ಅತ್ತಳು. ಆಮೇಲೆ ಮುಖ ತೊಳೆದು ಒಳಗೆ ಬಂದು ಇನ್ನೊಂದು ರೊಟ್ಟಿ ಹಾಕಿಕೊಂಡಳು. ಮೈದಾನದಲ್ಲಿ ಎಷ್ಟು ಸುತ್ತು ಓಡಿದ್ದರೂ ಇಷ್ಟು ಹಟ ಬೇಕಾಗಿರಲಿಲ್ಲ. ಇದನ್ನೆಲ್ಲ ಬಾಗಿಲ ಸಂದಿಯಿಂದ ಮುದುಕಮ್ಮ ನೋಡಿದಳು. ಮರುದಿನ ಹಾಲಿನ ಪಾತ್ರೆ ಗೂಡಿನಿಂದ ಕೆಳಗಿಳಿದಿತ್ತು.

ನಾಲ್ಕನೆಯ ತಿಂಗಳ ಒಂದು ಮುಂಜಾನೆ ಮುದುಕಮ್ಮ ಎದ್ದು ಬಂದು ನೋಡಿದರೆ ಮೂಲೆಯಲ್ಲಿ ಚಾಪೆ ಬಿಚ್ಚಿತ್ತು. ಅದರ ಮೇಲೆ ಅಂಜನಾ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ.

"ಅತ್ತಿ... ಬಂತ್ರಿ."

ಮಗನ ಮದುವೆಯಾಗಿ ಎರಡು ವರ್ಷ. ಆ ಚಾಪೆ ಬಿಚ್ಚಿದಾಗೆಲ್ಲ ಮುದುಕಮ್ಮನ ಮುಖ ಗಂಟಾಗುತ್ತಿತ್ತು. ಅವತ್ತು ಆಕೆ ಹೋಗಿ ಒಲೆ ಹೊತ್ತಿಸಿದಳು. ತಾನೇ ರೊಟ್ಟಿ ಬಡಿದಳು. ಮೊದಲ ಬಿಸಿ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟು, ಬೆಲ್ಲ ಇಟ್ಟು, ತಾಟನ್ನು ಮೂಲೆಗೆ ತಂದಳು. ದೂರದಿಂದ ಸರಿಸಲಿಲ್ಲ. ಚಾಪೆಯ ಮೇಲೆ ಕೂತು ಸೊಸೆಯ ಕೈಗೇ ಕೊಟ್ಟಳು.

"ಅತ್ತಿ, ಮುಟ್ಟಿದ್ರಿ..."

"ಮುಟ್ಟಿದ್ರ ಮುಟ್ಟಿದೆ. ಉಣ್ಣು, ಆರ್ತದ." ಮುದುಕಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಶಾಂತೂ ಮುಂಚೆ ನನಗ ಎರಡು ಹೋದವು. ಏಳು ತಿಂಗಳಿಗೊಂದು, ಆರಕ್ಕೊಂದು. ಹಣೇಬರ ಅಂದ್ರು, ನಾನೂ ಹಂಗೇ ಅಂದೆ. ನಾ ಹೊಟ್ಟಿ ತುಂಬ ಉಂಡೀನೇನಂತ ಯಾರೂ ಕೇಳಲಿಲ್ಲ... ನಾನೂ ನಿನಗ ಕೇಳಲಿಲ್ಲ ನೋಡವ್ವ."

ಅಂಜನಾ ರೊಟ್ಟಿಯನ್ನು ಎರಡು ಮಾಡಿ ಅರ್ಧವನ್ನು ಅತ್ತೆಯ ಕೈಗಿಟ್ಟಳು. ಮುದುಕಮ್ಮ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಮುರಿದು ಬಾಯಿಗೆ ಹಾಕಿಕೊಂಡಳು. ಮದುವೆಯಾಗಿ ಬಂದ ಮೇಲೆ ಗಂಡಸರಿಗಿಂತ ಮೊದಲು ಆಕೆ ಉಂಡ ಮೊದಲ ತುತ್ತು ಅದು.

"ಎಂದಿನಿಂದ ಓಡ್ತಿ?"

"ಬರೋ ಸೋಮವಾರ ಡಾಕ್ಟರಮ್ಮ ನೋಡಿ ಹೇಳ್ತಾರ್ರಿ."

"ನಾನೂ ಬರ್ತೀನಿ."

ಅಷ್ಟರಲ್ಲಿ ಒಳಗಿನಿಂದ ಶಾಂತಕುಮಾರನ ದನಿ ಬಂತು. "ಯವ್ವಾ, ಆಫೀಸಿಗೆ ಹೊತ್ತಾತು. ರೊಟ್ಟಿ..."

ಮುದುಕಮ್ಮ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು.

"ಹಿಟ್ಟು ನಾದಿಟ್ಟೀನಿ, ಒಲಿ ಉರಿಯಾಕತ್ತದ. ಬಡ್ಕೊಂಡು ಉಣ್ಣು. ನಾವು ಉಣ್ಣಾಕತ್ತೀವಿ."