ಒಂದೆಲಗದ ಚೀಲ

ಸುರಪುರದಲ್ಲಿ ಸುನೀಲಕುಮಾರನಿಗೆ ಸ್ವಂತ ಹೆಸರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು 'ಟೀಚರಮ್ಮನ ಗಂಡ'. ನೇಮಕಾತಿ ಪರೀಕ್ಷೆಗಳಲ್ಲಿ ಮಣ್ಣು ಮುಕ್ಕಿ ಮುಕ್ಕಿ, ಕೊನೆಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಗುಳಿಗೆ ಮಾರುತ್ತ ನಿಂತಿದ್ದ. ಹೆಂಡತಿ ಪರಿಮಳಾ ಸರ್ಕಾರಿ ಶಾಲೆಯ ಶಿಕ್ಷಕಿ. ಅಂಥವಳು ಸತ್ತರೆ ಗಂಡನಿಗೆ ಅನುಕಂಪದ ನೌಕರಿ ಸಿಗುತ್ತದೆಂದು ಯಾರೋ ಚಹಾ ಕುಡಿಯುತ್ತ ಆಡಿದ ಮಾತು ಅವನ ತಲೆಯಲ್ಲಿ ಮನೆ ಮಾಡಿತು.

ದಾರಿಯನ್ನು ಅವಳ ಕಾಲೇ ತೋರಿಸಿತು. ಹೋದ ವರ್ಷ ಗಾಳಿಗೆ ಹಾರಿಬಂದ ತಗಡು ಮೊಣಕಾಲಿನ ಹಿಂದೆ ಅಪ್ಪಳಿಸಿ, ನರ ಜಜ್ಜಿಹೋಗಿ, ಬಲಪಾದಕ್ಕೆ ಸ್ಪರ್ಶವೇ ಇಲ್ಲದಂತಾಗಿತ್ತು. ಮುಳ್ಳು ಮೆಟ್ಟಿದರೂ ರಕ್ತ ಕಂಡ ಮೇಲೇ ಗೊತ್ತಾಗಬೇಕು. ಅಂಥ ಪಾದಕ್ಕೆ ಹಾವು ಕಚ್ಚಿದರೆ? ಯಾರೂ ಆಸ್ಪತ್ರೆಗೆ ಓಡುವುದಿಲ್ಲ. ಬೆಳಗಾಗುವಷ್ಟರಲ್ಲಿ ವಿಷ ತನ್ನ ಕೆಲಸ ಮುಗಿಸಿರುತ್ತದೆ.

ಅವಸರ ಮಾಡಲಿಲ್ಲ. ಮೊದಲು ಒಳ್ಳೆಯ ಗಂಡನಾದ. ಪಕ್ಕದ ಮನೆಯ ಅನ್ವರಬಿ ಕಾಲುವೆ ದಂಡೆಯ ಒಂದೆಲಗ ಅರೆದು, ರಸ ಹಿಂಡಿ, ಎಣ್ಣೆಯಲ್ಲಿ ಕುದಿಸಿ ಕೊಡುತ್ತಿದ್ದಳು. ಸೊಪ್ಪಿನ ರಸಕ್ಕೆ ನರ ಚಿಗುರುತ್ತದೆಂದು ನಂಬಲು ಅವನೇನು ದಡ್ಡನೇ? ಆದರೂ ದಿನಾ ಸಂಜೆ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಬೆಚ್ಚಗಿನ ಸೊಪ್ಪು ತುಂಬಿದ ಬಟ್ಟೆಚೀಲದೊಳಗೆ ಪಾದ ಇಳಿಸಿ ಕಟ್ಟಿದ. ಓಣಿಯ ಹೆಂಗಸರು ಅವನನ್ನು ತೋರಿಸಿ ತಮ್ಮ ಗಂಡಂದಿರನ್ನು ಬೈದರು.

"ಇಂಥಾ ಗಂಡ ಸಿಗಾಕ ನಸೀಬ ಬೇಕವ್ವಾ," ಎಂದಳು ಅನ್ವರಬಿ.

"ಹೌದ್ರಿ," ಎಂದ ಪರಿಮಳಾಳ ಕಣ್ಣು ತುಂಬಿತ್ತು. ಅವನಿಗೆ ಒಳಗೊಳಗೇ ನಗು.

ನಡುನಡುವೆ ಪಾದಕ್ಕೆ ಸೂಜಿ ಚುಚ್ಚಿ, "ಗೊತ್ತಾತೇನು?" ಎಂದು ಕೇಳುತ್ತಿದ್ದ. "ಏನ್ರಿ? ಇಲ್ರಿ," ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಅವನಿಗೆ ಊಟ ರುಚಿಸುತ್ತಿತ್ತು.

ಹಿತ್ತಲಿನ ಹತ್ತಿಕಟ್ಟಿಗೆಯ ರಾಶಿಯಲ್ಲಿ ಮಂಡಲದ ಹಾವು ಸಿಕ್ಕ ದಿನ, ಸಂಜೆ ಬಸ್ಸಿಗೆ ಶಹಾಪುರದ ಮದುವೆಗೆ ಹೊರಟಿದ್ದೇನೆಂದು ಓಣಿಗೆಲ್ಲ ಸಾರಿದ. ಪರಿಮಳಾ ಎಂದಿನಂತೆ ಬೋರಲು ಮಲಗಿ ಟಿವಿ ನೋಡುತ್ತಿದ್ದಳು. ಈ ಸಲ ಚೀಲದಲ್ಲಿ ಸೊಪ್ಪು ಇರಲಿಲ್ಲ. ಕಚ್ಚಿಸಿ, ಚೀಲ ಬಿಡಿಸಿ, ಹಾವನ್ನು ಮತ್ತೆ ರಾಶಿಗೆ ಬಿಟ್ಟು, ಬಸ್ಸು ಹತ್ತುವುದಷ್ಟೇ ಬಾಕಿ. ಹಿತ್ತಲಿಗೆ ಹೋದಾಗ ಕಚ್ಚಿರಬೇಕು, ಪಾಪ, ಅವಳಿಗೆ ಗೊತ್ತೇ ಆಗಲಿಲ್ಲ ಎಂದು ಊರೇ ಹೇಳುತ್ತದೆ. ಅವನು ಪಾದವನ್ನು ಮೆಲ್ಲಗೆ ಚೀಲದೊಳಗೆ ಇಳಿಸಿದ.

ಪರಿಮಳಾ ಕಿಟಾರನೆ ಕಿರುಚಿ ಕಾಲು ಝಾಡಿಸಿದಳು. ಅನ್ವರಬಿಯೂ ಅವಳ ಮಗ ತೌಹೀದನೂ ಓಡಿಬಂದಾಗ ಚೀಲ ಇನ್ನೂ ಸುನೀಲಕುಮಾರನ ಕೈಯಲ್ಲೇ ಇತ್ತು, ಹಾವು ಅದರ ಬಾಯಿಂದ ಹೊರಬರುತ್ತಿತ್ತು. ಏನಾಯಿತು ಎಂದು ಕೇಳಬೇಕಾದವನು, ಹೆಂಡತಿಯನ್ನೇ ನೋಡುತ್ತ, "ನಿನಗ ಹ್ಯಾಂಗ ಗೊತ್ತಾತು?" ಎಂದುಬಿಟ್ಟ. ಅನ್ವರಬಿ ಚೀಲ ನೋಡಿದಳು, ಅವನ ಮುಖ ನೋಡಿದಳು, ಹೋಗಿ ಬಾಗಿಲಿಗೆ ಅಡ್ಡ ನಿಂತಳು. ತೌಹೀದ ಪರಿಮಳಾಳನ್ನು ಎತ್ತಿಕೊಂಡು ತನ್ನ ಆಟೋದತ್ತ ಓಡುವಾಗ ಅವಳು ಅಳುತ್ತಲೇ ಗಂಡನಿಗೆ ಉತ್ತರ ಕೊಟ್ಟಳು: "ಪಂಚಮಿ ಹಬ್ಬದಿಂದ ಗೊತ್ತಾಗಾಕತ್ತೈತ್ರಿ. ಆರಾಮಾಗೈತಿ ಅಂದ್ರ ನೀವು ಕಾಲು ತಿಕ್ಕೋದು ಬಿಡ್ತೀರಂತ ಸುಳ್ಳು ಹೇಳೀನ್ರಿ. ತಪ್ಪಾತ್ರಿ."