ಎರಡು ಚಮಚ ಎಣ್ಣೆ

“ಇನ್ನೊಂದ್ಸಲ ಸ್ವಿಚ್ ಒತ್ತು, ನೋಡೇಬಿಡೋಣ,” ಎಂದ ಅಪ್ಪ.

ಸುಂಡಿಲಿ ಸ್ವಿಚ್ ಒತ್ತಿದಳು. ಮನೆ ಬೆಚ್ಚಗಿಡುವ ಸ್ಟವ್‌ನ ಮೇಲಿನ ಡಬ್ಬಿಯಿಂದ ಪೆಲೆಟ್‌ಗಳು ಟಪಟಪ ಉದುರಿದವು. ಮರದ ಪುಡಿಯನ್ನು ಒತ್ತಿ ಮಾಡಿದ, ಸೀಮೆಸುಣ್ಣದ ತುಂಡಿನಷ್ಟು ಪುಟಾಣಿ ಕಡ್ಡಿಗಳು ಅವು. ಸ್ವಲ್ಪ ಹೊತ್ತಿಗೆ ಗಾಜಿನ ಹಿಂದೆ ಬೆಂಕಿಯೇನೋ ಎದ್ದಿತು. ಆದರೆ ಬಿಸಿಗಾಳಿ ಬರಲಿಲ್ಲ. ಒಳಗೆಲ್ಲೋ ಫ್ಯಾನು ‘ಕಿರ್ರ್’ ಎಂದು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಆಮೇಲೆ ಸ್ಟವ್ ತಾನಾಗಿಯೇ ಆಫ್ ಆಯಿತು.

“ಮುಗೀತು ಇದರ ಕತೆ. ಅಂಗಡಿಯವನು ಹೊಸ ಮೋಟರ್ ಬುಧವಾರ ಬರುತ್ತೆ ಅಂದ,” ಎಂದ ಅಪ್ಪ.

ಅವತ್ತು ಶನಿವಾರ. ಹೊರಗೆ ಬಕೆಟ್ಟಿನ ನೀರು ಚಳಿಗೆ ಹೆಪ್ಪುಗಟ್ಟಿ ಕೂತಿತ್ತು. ಆಸ್ಪತ್ರೆಯಿಂದ ಅಮ್ಮ ಮತ್ತು ನಾಲ್ಕು ದಿನದ ಪುಟ್ಟ ತಮ್ಮ ಸಂಜೆ ನಾಲ್ಕಕ್ಕೆ ಮನೆಗೆ ಬರಬೇಕಿತ್ತು. ಮಗು ಇರುವ ಕೋಣೆ ಬೆಚ್ಚಗಿರಲೇಬೇಕು ಎಂದು ಡಾಕ್ಟರ್ ಎರಡು ಸಲ ಹೇಳಿದ್ದರು.

“ಅವರಿಬ್ಬರೂ ಸೀದಾ ಅಜ್ಜಿ ಮನೆಗೇ ಹೋಗ್ಲಿ ಬಿಡು,” ಎಂದ ಅಪ್ಪ.

ಅಜ್ಜಿ ಮನೆ ಬಸ್ಸಿನಲ್ಲಿ ಎರಡೇ ಗಂಟೆ. ಆದರೆ ಒಮ್ಮೆ ಹೋದವರನ್ನು ಅಜ್ಜಿ ಒಂದು ತಿಂಗಳು ಬಿಡುವುದಿಲ್ಲ. ಸುಂಡಿಲಿಗೆ ಸ್ಕೂಲು ಬೇರೆ ಇದೆ. ತಮ್ಮನಿಗಾಗಿ ಅವಳು ತೊಟ್ಟಿಲು ಒರೆಸಿ, ಅದರ ಕಾಲಿಗೆ ಕೆಂಪು ರಿಬ್ಬನ್ ಕೂಡ ಕಟ್ಟಿದ್ದಳು.

ಇನ್ನೂ ಒಂದು ಸಂಗತಿ ಇತ್ತು. ಅದು ಅವಳೊಬ್ಬಳಿಗೇ ಗೊತ್ತಿತ್ತು.

“ಪಕ್ಕದ ಮನೆ ತಾತನ್ನ ಕೇಳೋಣ್ವಾ?” ಎಂದಳು ಮೆಲ್ಲಗೆ. ಅವಳು ಏನು ಹೇಳಿದರೂ ಮೆಲ್ಲಗೇ. ಅದಕ್ಕೇ ಅಪ್ಪ ಅವಳಿಗೆ ಸುಂಡಿಲಿ ಎಂದು ಹೆಸರಿಟ್ಟಿದ್ದ. ಕ್ಲಾಸಿನಲ್ಲಿ ಪದ್ಯ ಓದಿದರೆ ಮೊದಲ ಬೆಂಚಿಗೂ ಕೇಳಿಸುತ್ತಿರಲಿಲ್ಲ. ಮಿಸ್ “ವಾಲ್ಯೂಮ್, ವಾಲ್ಯೂಮ್” ಎನ್ನುತ್ತಿದ್ದರು.

ಪಕ್ಕದ ಮನೆಯ ತಾತ ಬಸ್ ಡಿಪೋದಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಅಲ್ಲಿನ ಎಂಜಿನ್‌ಗಳ ಗದ್ದಲಕ್ಕೆ ಅವರ ಕಿವಿ ಎರಡೂ ಹೋಗಿದ್ದವು. ತೀರಾ ಜೋರಾಗಿ ಕೂಗಿದರೆ ಮಾತ್ರ ಕೇಳುತ್ತಿತ್ತು. ಬಾಗಿಲ ಬೆಲ್ ಒತ್ತಿದರೆ ಅವರ ಮನೆಯೊಳಗೆ ಶಬ್ದವಾಗುವುದಿಲ್ಲ, ಹಸಿರು ಬಲ್ಬು ಹೊತ್ತಿಕೊಳ್ಳುತ್ತದೆ. ಅದನ್ನೂ ಅವರೇ ಮಾಡಿಕೊಂಡಿದ್ದು.

ತಾತ ಬಂದರು. ಬಂದವರೇ ಪ್ಲಗ್ ಕಿತ್ತರು, ಸ್ಟವ್ ಆರುವ ತನಕ ಒಂದು ಲೋಟ ಟೀ ಕುಡಿದರು. ಆಮೇಲೆ ಸ್ಟವ್‌ನ ಪಕ್ಕದ ಬಾಗಿಲು ತೆಗೆದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿಗೆ ಇಟ್ಟರು. ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರು. ಇನ್ನೊಂದು ಕೈಯಿಂದ ಫ್ಯಾನನ್ನು ನಿಧಾನವಾಗಿ ತಿರುಗಿಸಿ, ಕಣ್ಣು ಮುಚ್ಚಿದರು.

“ಬೇರಿಂಗ್ ಸವೆದಿದೆ. ಫ್ಯಾನು ಸಲೀಸಾಗಿ ತಿರುಗೋಕೆ ಇರೋ ಗುಂಡುಗಳ ಬಳೆ,” ಎಂದರು.

ಸುಂಡಿಲಿ ಬಾಯಿ ತೆರೆದುಕೊಂಡು ನಿಂತಳು. ಬೆಲ್ ಹೊಡೆದರೆ ಕೇಳದ ಮನುಷ್ಯ, ಕಬ್ಬಿಣದ ಒಳಗಿನ ಮಾತು ಕೇಳಿಸಿಕೊಂಡಿದ್ದರು.

“ಕಿವಿ ಹೋದ್ರೆ ಏನಾಯ್ತಮ್ಮ, ಮೂಳೆ ಇದೆಯಲ್ಲ,” ಎಂದು ತಾತ ನಕ್ಕರು.

ಅವರು ಕೆಲಸ ಮಾಡುವುದನ್ನು ನೋಡುತ್ತಾ ಕೂರಬೇಕು ಅನ್ನಿಸುತ್ತಿತ್ತು. ಒಂದು ಹಾಳೆಯ ಮೇಲೆ ಮೋಟರಿನ ಚಿತ್ರ ಬರೆದು, ಬಿಚ್ಚಿದ ಒಂದೊಂದು ಸ್ಕ್ರೂವನ್ನೂ ಅದು ಇದ್ದ ಜಾಗದಲ್ಲೇ ಇಟ್ಟರು. ಅವಸರ ಎನ್ನುವುದು ಅವರ ಹತ್ತಿರವೂ ಸುಳಿಯಲಿಲ್ಲ. ಡ್ರಮ್ಮಿನಂಥ ಫ್ಯಾನಿನ ಸುತ್ತಲೂ ಸಣ್ಣ ಸಣ್ಣ ರೆಕ್ಕೆಗಳಿದ್ದವು. ಅವುಗಳ ಸಂದಿಯಲ್ಲೆಲ್ಲ ಬೂದಿ, ಕೂದಲು, ಅಮ್ಮನ ಸ್ವೆಟರಿನ ನೀಲಿ ಎಳೆ. ಹಳೇ ಟೂತ್‌ಬ್ರಶ್ಶಿನಿಂದ ತಾತ ಒಂದೂ ಬಿಡದೆ ಉಜ್ಜಿದರು. ಸುಂಡಿಲಿ ಟಾರ್ಚ್ ಹಿಡಿದಳು.

ಬೇರಿಂಗ್‌ನ ಹತ್ತಿರ ಅವರ ಬೆರಳು ನಿಂತಿತು. ಅಲ್ಲಿ ಕಂದು ಬಣ್ಣದ ಅಂಟು ಮೆತ್ತಿಕೊಂಡಿತ್ತು. ತಾತ ಅದನ್ನು ಮೂಗಿನ ಹತ್ತಿರ ಹಿಡಿದರು. ಒಮ್ಮೆ ಅಡುಗೆಮನೆಯ ಕಡೆ ನೋಡಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ ಸುಂಡಿಲಿಯ ಖಾಲಿ ಕೈ ತಾನೇ ಬೆನ್ನ ಹಿಂದೆ ಹೋಯಿತು.

ಹತ್ತು ದಿನದ ಹಿಂದೆ ಆ ಮೋಟರು ಕಿರ್ರ್ ಕಿರ್ರ್ ಎಂದು ಕಿರುಚುತ್ತಿತ್ತು. ಅಮ್ಮ ದಿಂಬಿನಿಂದ ಕಿವಿ ಮುಚ್ಚಿಕೊಂಡು, “ಈ ಶಬ್ದಕ್ಕೆ ತಲೆ ಒಡೆದುಹೋಗ್ತಿದೆ,” ಎನ್ನುತ್ತಿದ್ದಳು. ಅಪ್ಪ ದಿನಾ “ನಾಳೆ ನೋಡೋಣ” ಎನ್ನುತ್ತಿದ್ದ. ಆ ನಾಳೆ ಬರಲೇ ಇಲ್ಲ. ಒಂದು ಮಧ್ಯಾಹ್ನ ಸ್ಟವ್ ಆರಿದ್ದಾಗ ಸುಂಡಿಲಿ ಅಡುಗೆ ಎಣ್ಣೆ ತಂದು ಎರಡು ಚಮಚ ಹಾಕಿಬಿಟ್ಟಿದ್ದಳು. ಶಬ್ದ ನಿಂತೇ ಹೋಗಿತ್ತು. “ಅರೆ, ತಾನಾಗೇ ಸರಿಹೋಯ್ತಲ್ಲ,” ಎಂದು ಅಮ್ಮ ಅವತ್ತು ಚೆನ್ನಾಗಿ ನಿದ್ದೆ ಮಾಡಿದ್ದಳು. ಸುಂಡಿಲಿ ಒಳಗೊಳಗೇ ಬೀಗಿದ್ದಳು.

“ಏನಾಗಿತ್ತು ತಾತ?” ಅಪ್ಪ ಬಂದು ಜೋರಾಗಿ ಕೇಳಿದ.

“ಹತ್ತು ವರ್ಷದ ಮೋಟರಪ್ಪ, ಬೇರಿಂಗ್ ಸವೆದಿದೆ,” ಎಂದರು ತಾತ. ಅಷ್ಟೇ ಹೇಳಿದರು.

ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ನೂರಾರು ಬೇರಿಂಗ್‌ಗಳಿದ್ದವು. ಅಳತೆ ನೋಡಿ ಒಂದನ್ನು ಆರಿಸಿದರು. ಹಳೆಯದನ್ನೂ ಹೊಸದನ್ನೂ ಸುಂಡಿಲಿಯ ಕೈಗೆ ಕೊಟ್ಟರು. ಹಳೆಯದನ್ನು ತಿರುಗಿಸಿದರೆ ಗರಗರ ಎಂದು ಬೆರಳಿಗೆ ತಾಗುತ್ತಿತ್ತು. ಹೊಸದು ನೀರಿನ ಹಾಗೆ ತಿರುಗಿತು. ತಾತ ಅದನ್ನು ಕೂರಿಸಿ, ಮೇಲೊಂದು ಪೈಪಿನ ತುಂಡಿಟ್ಟು, ಮಗುವಿನ ಬೆನ್ನು ತಟ್ಟಿದಷ್ಟೇ ಮೆತ್ತಗೆ ತಟ್ಟಿದರು.

ಎರಡು ಗಂಟೆಗೆ ಮೋಟರು ತನ್ನ ಜಾಗ ಸೇರಿತು. ಸ್ವಿಚ್ ಒತ್ತಿದ ಮೇಲೆ ಮೂವರೂ ಕಾದರು. ಬೆಂಕಿ ಎದ್ದಿತು. ಆಮೇಲೆ ಸುಂಡಿಲಿಯ ಮೊಣಕಾಲಿಗೆ ಬಿಸಿಗಾಳಿ ತಾಗಿತು. ಅವಳಿಗೆ ಕುಣಿಯಬೇಕು ಅನ್ನಿಸಿತು.

ಅಪ್ಪ ಆಗಲೇ ಪಕ್ಕದ ಕೋಣೆಯಲ್ಲಿ ಫೋನ್ ಹಿಡಿದಿದ್ದ. “ಮನೆಗೇ ಬನ್ನಿ. ಅಜ್ಜಿ ಮನೆ ಕ್ಯಾನ್ಸಲ್.”

ತಾತ ಸ್ಕ್ರೂಡ್ರೈವರನ್ನು ಸ್ಟವ್‌ನ ಎಡಗಡೆಗೂ ಇಟ್ಟು ಕೇಳಿದರು. ಅಲ್ಲಿ ಇನ್ನೊಂದು ಫ್ಯಾನಿತ್ತು, ಹೊಗೆಯನ್ನು ಎಳೆದು ಹೊರಗೆ ಕಳಿಸುವ ಫ್ಯಾನು. “ಇದೇನೋ ಚೆನ್ನಾಗೇ ಓಡ್ತಿದೆ,” ಎಂದು ಚೀಲ ಕಟ್ಟತೊಡಗಿದರು.

ಸುಂಡಿಲಿ ಆ ಎಡಗಡೆಯನ್ನೇ ನೋಡಿದಳು. ಯಾವುದು ಕಿರುಚುತ್ತಿದೆ ಎಂದು ಗೊತ್ತಾಗದೆ ಅವತ್ತು ಅವಳು ಆ ಕಡೆಗೂ ಎಣ್ಣೆ ಹಾಕಿದ್ದಳು. ಅಲ್ಲೂ ಎರಡು ಚಮಚ.

“ತಾತ, ಆ ಕಡೆನೂ…” ಎಂದಳು ಮೆಲ್ಲಗೆ.

“ಹಾಂ?”

“ಆ ಕಡೆ ಮೋಟರಿಗೂ…”

“ಕೇಳಲ್ಲಮ್ಮ ನಂಗೆ,” ಎಂದು ತಾತ ಕಿವಿ ತೋರಿಸಿದರು. ಚೀಲ ಹೆಗಲಿಗೇರಿತು.

ತಾತನಿಗೆ ಕೇಳುವಷ್ಟು ಜೋರಾಗಿ ಹೇಳಿದರೆ ಅಪ್ಪನಿಗೂ ಕೇಳುತ್ತದೆ, ಫೋನಿನಲ್ಲಿ ಅಮ್ಮನಿಗೂ ಕೇಳುತ್ತದೆ. ಸುಂಡಿಲಿ ತೊಟ್ಟಿಲ ರಿಬ್ಬನ್ ನೋಡಿದಳು. ಹೊಟ್ಟೆ ತುಂಬ ಉಸಿರೆಳೆದುಕೊಂಡಳು.

“ಆ ಕಡೆ ಮೋಟರಿಗೂ ಅಡುಗೆ ಎಣ್ಣೆ ಹಾಕಿದೀನಿ ತಾತ. ಎರಡೂ ಕಡೆ ನಾನೇ ಹಾಕಿದ್ದು.”

ಕಿಟಕಿಯ ಗಾಜು ಅದುರಿತೇನೋ. ಪಕ್ಕದ ಕೋಣೆಯಲ್ಲಿ ಅಪ್ಪನ ಮಾತು ನಿಂತಿತು. ಫೋನಿನಿಂದ ಅಮ್ಮನ ದನಿ ಕೇಳಿತು: “ಯಾರ್ರೀ ಅದು, ಅಷ್ಟು ಜೋರಾಗಿ?”

“ನಮ್ಮ ಸುಂಡಿಲಿ,” ಎಂದ ಅಪ್ಪ. ಅವನಿಗೇ ನಂಬಿಕೆ ಬಂದಂತಿರಲಿಲ್ಲ.

ತಾತ ಚೀಲ ಕೆಳಗಿಟ್ಟರು. “ಈ ಕಡೇದು ನನ್ನ ಮೂಗಿಗೆ ಗೊತ್ತಾಗಿತ್ತು. ಆ ಕಡೇದು ಗೊತ್ತಿರ್ಲಿಲ್ಲ. ಇವತ್ತು ಚೆನ್ನಾಗಿದೆ, ಇನ್ನೊಂದು ವಾರಕ್ಕೆ ಅಂಟಾಗಿ ನಿಂತುಬಿಡ್ತಿತ್ತು. ಹೊಗೆ ಹೋಗೋ ದಾರೀನೇ ಕಟ್ಟಿಬಿಡ್ತಿತ್ತು. ಹೇಳಿದ್ದು ಒಳ್ಳೇದಾಯ್ತು.”

ಅಪ್ಪ ಬಾಗಿಲಲ್ಲಿ ನಿಂತಿದ್ದ. “ನಂಗೊಂದು ಮಾತು ಹೇಳ್ಬಾರದಿತ್ತಾ?”

“ಅಮ್ಮಂಗೆ ತಲೆನೋವು ಬರ್ತಿತ್ತು. ನೀನು ನಾಳೆ, ನಾಳೆ ಅಂತಿದ್ದೆ.”

ಅಪ್ಪ ತಲೆ ಕೆರೆದುಕೊಂಡು, ತಾತನ ಪಕ್ಕ ಕೂತು, ಟಾರ್ಚ್ ತೆಗೆದುಕೊಂಡ.

ಸ್ಟವ್ ಮತ್ತೆ ಆರಿತು. ತಾತ ಎಡಗಡೆಯ ಮೋಟರನ್ನೂ ಬಿಚ್ಚಿ, ಅಂಟೆಲ್ಲ ಒರೆಸಿ, ಮೋಟರಿಗೆಂದೇ ಇರುವ ಎಣ್ಣೆಯನ್ನು ಎರಡು ಹನಿ ಬಿಟ್ಟರು. ಎರಡೇ ಹನಿ. ಸ್ಟವ್ ಹೊತ್ತಿಕೊಂಡ ಮೇಲೆ ಸ್ಕ್ರೂಡ್ರೈವರನ್ನು ಸುಂಡಿಲಿಯ ಕೈಗೆ ಕೊಟ್ಟರು. ಅವಳು ಹಿಡಿಯನ್ನು ಕಿವಿಯ ಹಿಂದೆ ಒತ್ತಿ ಕಣ್ಣು ಮುಚ್ಚಿದಳು. ಒಳಗೆ ಒಂದೇ ಸಮನೆ ‘ಮ್‌ಮ್‌ಮ್’ ಎಂದು ಕೇಳುತ್ತಿತ್ತು.

“ಕಿರುಚ್ತಿದ್ದಾಗ ಏನು ಹೇಳ್ತಿತ್ತು ತಾತ, ಅದು?” ಎಂದಳು. ಈ ಸಲ ತಾತನಿಗೆ ಒಂದೇ ಸಲಕ್ಕೆ ಕೇಳಿತು.

“ನಂಗೆ ಹುಷಾರಿಲ್ಲ ಅಂತ,” ಎಂದರು ತಾತ.

ನಾಲ್ಕೂವರೆಗೆ ಅಮ್ಮ ಬಂದಳು. ಬೆಚ್ಚಗಿನ ಕೋಣೆಯಲ್ಲಿ ತಮ್ಮನನ್ನು ತೊಟ್ಟಿಲಿಗೆ ಹಾಕಿ ಹತ್ತು ನಿಮಿಷವೂ ಆಗಿರಲಿಲ್ಲ, ಅವನು ಮುಖ ಕೆಂಪಗೆ ಮಾಡಿಕೊಂಡು ಕಿರ್ರೋ ಎಂದು ಶುರುಮಾಡಿದ. ಅಪ್ಪ ಗಾಬರಿಯಿಂದ ಗಿಲಕಿ ಅಲ್ಲಾಡಿಸಿದ, ಚಪ್ಪಾಳೆ ತಟ್ಟಿದ, “ಶ್ ಶ್” ಎಂದ.

“ಇರಪ್ಪ,” ಎಂದಳು ಸುಂಡಿಲಿ. “ಮೊದಲು ಕೇಳೋಣ.”

ಅವಳು ತೊಟ್ಟಿಲ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೇಳಿದಳು. ಆಮೇಲೆ ಹೊದಿಕೆಯ ಒಳಗೆ ಮೆಲ್ಲಗೆ ಕೈಹಾಕಿ ನೋಡಿದಳು. ಒಂದು ಕಾಲಿನ ಸಾಕ್ಸ್ ಜಾರಿಹೋಗಿತ್ತು. ಆ ಪುಟ್ಟ ಪಾದ ತಣ್ಣಗಿತ್ತು.